ವಿಜ್ಞಾನ ಮೇಳವೆಂಬ ಅಮಾನತ್ತಿನ ಪರೀಕ್ಷೆ

ಮಕ್ಕಳ ವಿಜ್ಞಾನ ಮೇಳವೆಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಒಂದೇ ದೃಶ್ಯ. ಥರ್ಮೋಕೋಲಿನ ಬೆಟ್ಟ, ಅದರ ಬಾಯಿಂದ ಉಕ್ಕುವ ಕೆಂಪು ನೊರೆ, ಸುತ್ತ ಮಿನುಗುವ ಬಲ್ಬುಗಳು, ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಒಂದೇ ಉಸಿರಿಗೆ ಒಪ್ಪಿಸುವ ಮಗು, ಅದರ ಹಿಂದೆ ಹೆಮ್ಮೆಯಿಂದ ನಿಂತ ತಂದೆತಾಯಿ. ಆ ಬೆಟ್ಟವನ್ನು ಕಟ್ಟಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಿಂದಲೂ ಅಂಥದೊಂದು ಮಾದರಿ ಮೇಳಕ್ಕೆ ಹೋಗಿತ್ತು. ಪೇಟೆಯಲ್ಲಿ ಸಿದ್ಧವಾಗಿ ದೊರೆತದ್ದನ್ನು ತಂದು, ಅಂಗಡಿಯ ಚೀಟಿಯನ್ನು ಕಿತ್ತು, ಮಗುವಿನ ಹೆಸರು ಬರೆದ ಕಾಗದವನ್ನು ನಾವೇ ಅಂಟಿಸಿದ್ದೆವು. ಅಂದು ಅದು ತಪ್ಪೆಂದು ನಮಗೆ ತೋರಲಿಲ್ಲ. ಮಗುವಿಗೆ ಪ್ರೋತ್ಸಾಹ ಎಂದುಕೊಂಡಿದ್ದೆವು.

ಈ ಬಾರಿ ನಮ್ಮ ಪರಿಚಯದ ಕುಟುಂಬವೊಂದರ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಂದಿಗೆ ತಾಲೂಕು ಮಟ್ಟದ ವಿಜ್ಞಾನ ಮೇಳವೊಂದಕ್ಕೆ ಹೋಗುವ ಸಂದರ್ಭ ಒದಗಿತು. ಆಕೆಗೆ ಬಹುಮಾನ ಬರಲಿಲ್ಲ. ಆದರೂ ಆ ದಿನದ ಅನುಭವವನ್ನು ನಮ್ಮ ಕುಟುಂಬಗಳೊಂದಿಗೆ ಹಂಚಿಕೊಳ್ಳಬೇಕೆಂದು ನಮಗೆ ಅನಿಸಿತು. ಆ ಹುಡುಗಿಯ ಹೆಸರನ್ನಾಗಲೀ ಊರಿನ ಹೆಸರನ್ನಾಗಲೀ ಹೇಳುವುದು ಇಲ್ಲಿ ಅಗತ್ಯವಿಲ್ಲ. ಹೇಳಬೇಕಾದದ್ದು ಆಕೆಯ ಕೈಯಲ್ಲಿದ್ದ ಒಂದು ಸಾಧಾರಣ ಗೆರೆ ಪುಸ್ತಕದ ಬಗ್ಗೆ.

ಕರಾವಳಿಯಲ್ಲಿ ಮಳೆಗೆ ಬರವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಧಾರಾಳವಾಗಿ ಸುರಿಸುತ್ತದೆ. ಆದರೆ ನಮ್ಮ ಕೆಂಪು ಮುರಕಲ್ಲಿನ ನೆಲ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಘಟ್ಟದಿಂದ ಇಳಿದ ನದಿಗಳು ಸ್ವಲ್ಪವೇ ದೂರ ಹರಿದು ಕಡಲು ಸೇರುತ್ತವೆ. ಎಪ್ರಿಲ್ ಬಂತೆಂದರೆ ಬಾವಿಗಳ ತಳ ಕಾಣುತ್ತದೆ, ಕಡಲಿಗೆ ಹತ್ತಿರದ ಬಾವಿಗಳಲ್ಲಿ ನೀರು ಉಪ್ಪಾಗುತ್ತದೆ, ಟ್ಯಾಂಕರಿಗಾಗಿ ಕೊಡಗಳು ಸಾಲುಗಟ್ಟುತ್ತವೆ. ಆ ಹುಡುಗಿ ಹುಟ್ಟಿದಂದಿನಿಂದ ಇದನ್ನು ಕಂಡವಳು. ಒಂದು ದಿನ ಮದ್ರಸದಲ್ಲಿ ಉಸ್ತಾದರು ಹಝ್ರತ್ ಅನಸ್(ರ) ವರದಿ ಮಾಡಿದ ಹದೀಸೊಂದನ್ನು ಕಲಿಸಿದರು. ಪ್ರವಾದಿ(ಸ) ಒಂದು ಮುದ್ದ್ ನೀರಿನಿಂದ ವುಝೂ ಮಾಡುತ್ತಿದ್ದರು ಎಂಬುದು ಅದರ ಸಾರ. ಮುದ್ದ್ ಎಂದರೆ ಎರಡು ಅಂಗೈಗಳನ್ನು ಜೋಡಿಸಿದಾಗ ತುಂಬುವಷ್ಟು ಪ್ರಮಾಣ. ಇಂದಿನ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಲೀಟರಿಗೂ ಸ್ವಲ್ಪ ಕಡಿಮೆ. ಮನೆಗೆ ಬಂದ ಹುಡುಗಿ ನಲ್ಲಿಯ ಕೆಳಗೆ ಬಕೆಟ್ ಇಟ್ಟು ವುಝೂ ಮಾಡಿದಳು. ನಂತರ ಅಡುಗೆಮನೆಯ ಎಣ್ಣೆಯ ಅಳತೆ ಪಾತ್ರೆಯಿಂದ ಬಕೆಟಿನ ನೀರನ್ನು ಅಳೆದಳು. ಮೂರು ಸಲ ಅಳೆದಳು. ನಾಲ್ಕೂವರೆ ಲೀಟರಿಗಿಂತ ಕಡಿಮೆ ಒಮ್ಮೆಯೂ ಬರಲಿಲ್ಲ.

ಆಕೆಯ ಯೋಜನೆ ಹುಟ್ಟಿದ್ದು ಇಲ್ಲಿಂದ. ನಮ್ಮ ಮಸೀದಿಯಲ್ಲಿ ಒಂದು ವುಝೂಗೆ ಎಷ್ಟು ನೀರು ಖರ್ಚಾಗುತ್ತದೆ? ನಲ್ಲಿಯಲ್ಲಿ ನೀರಿನ ಹರಿವನ್ನು ಕಿರಿದುಗೊಳಿಸಿದರೆ ಎಷ್ಟು ಉಳಿಯುತ್ತದೆ? ಎರಡೇ ಪ್ರಶ್ನೆಗಳು. ಇದಕ್ಕಿಂತ ಒಳ್ಳೆಯ ವಿಜ್ಞಾನ ಪ್ರಶ್ನೆಯನ್ನು ಮಕ್ಕಳಿಂದ ನಾವು ನಿರೀಕ್ಷಿಸಬೇಕಾಗಿಲ್ಲ. 1993ರಿಂದ ನಡೆಯುತ್ತ ಬಂದಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ 10ರಿಂದ 17 ವರ್ಷದ ಮಕ್ಕಳಿಂದ ಬಯಸುವುದು ಇಂಥದನ್ನೇ: ತಮ್ಮ ಊರಿನ ಒಂದು ಸಮಸ್ಯೆಯನ್ನು ಆರಿಸಿಕೊಳ್ಳುವುದು, ಸ್ವತಃ ಅಳೆಯುವುದು, ಕಂಡದ್ದನ್ನು ಬರೆದಿಡುವುದು.

ಮಸೀದಿಯಲ್ಲಿ ಗಂಡಸರು ವುಝೂ ಮಾಡುವ ಸ್ಥಳಕ್ಕೆ ಆಕೆ ಹೋಗುವಂತಿರಲಿಲ್ಲ. ಹತ್ತು ವರ್ಷದ ತಮ್ಮನೇ ಸಹಾಯಕನಾದ. ಇಮಾಮರ ಅನುಮತಿ ಪಡೆದು, ಒಂದು ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಅಸರ್ ಮತ್ತು ಮಗ್ರಿಬ್ ವೇಳೆಯಲ್ಲಿ ತಲಾ ಮೂವರ ವುಝೂ ನೀರನ್ನು ಅಳೆದು ಬರೆಯುವುದು ಅವನ ಕೆಲಸ. ದಿನಕ್ಕೆ ಆರು ಅಳತೆ, ಎರಡು ವಾರಕ್ಕೆ 84. ಮೊದಲ ವಾರ ನಲ್ಲಿ ಎಂದಿನಂತೆಯೇ ಇತ್ತು. ಎರಡನೆಯ ವಾರ ನಲ್ಲಿಯ ಬಾಯಿಗೆ ಹುಡುಗಿಯೇ ಕೊರೆದು ತಯಾರಿಸಿದ, ಕಿರಿದಾದ ರಂಧ್ರವುಳ್ಳ ರಬ್ಬರ್ ಬಿಲ್ಲೆಯನ್ನು ಕೂರಿಸಲಾಯಿತು. ನೀರಿನ ಹರಿವು ಅರ್ಧಕ್ಕೆ ಇಳಿಯಿತು. ಖರ್ಚೂ ಅರ್ಧಕ್ಕೆ ಇಳಿಯುವುದೆಂದು ಆಕೆಯ ನಿರೀಕ್ಷೆ.

ಎರಡನೆಯ ವಾರದ ಅಳತೆಗಳನ್ನು ನೋಡುತ್ತಿದ್ದಾಗ ಒಂದು ದಿನದ ಆರು ಅಂಕಿಗಳಲ್ಲಿ ಆಕೆಯ ಕಣ್ಣು ನಿಂತಿತು. ಆರಕ್ಕೆ ಆರೂ ಸರಿಯಾಗಿ 3 ಲೀಟರ್. ಉಳಿದ ದಿನಗಳ ಅಂಕಿಗಳೆಲ್ಲ 4.2, 5.6, 4.7 ಎಂದು ಏರಿಳಿಯುತ್ತಿದ್ದವು. ಮನುಷ್ಯರು ವುಝೂ ಮಾಡುವಾಗ ನೀರು ಹಾಗೆ ಒಂದೇ ಸಮನಾಗಿ ಬೀಳುವುದಿಲ್ಲ. ತಮ್ಮನನ್ನು ಕರೆದು ಕೇಳಿದಾಗ ಅವನು ಮೊದಲು ನಿರಾಕರಿಸಿದ, ನಂತರ ಅತ್ತ. ಅಂದು ಸಂಜೆ ಗೆಳೆಯರು ಕ್ರಿಕೆಟಿಗೆ ಕರೆದಿದ್ದರು, ಹೋಗಿದ್ದ. ರಾತ್ರಿ ಮನೆಯಲ್ಲಿ ಕುಳಿತು ಆರೂ ಅಂಕಿಗಳನ್ನು ಬರೆದಿದ್ದ. ಮೂರು ಎಂದೇ ಏಕೆ ಬರೆದೆ ಎಂಬುದಕ್ಕೆ ಅವನು ಕೊಟ್ಟ ಉತ್ತರವನ್ನು ಆ ತಾಯಿ ನಮ್ಮ ಮುಂದೆ ಹೇಳುವಾಗ ಅವರ ಗಂಟಲು ಬಿಗಿದಿತ್ತು: “ನೀರು ಕಡಿಮೆ ಆಗಬೇಕು ಅಂತ ಅಕ್ಕನಿಗೆ ಆಸೆ ಇತ್ತಲ್ಲ.”

ಇದು ಪ್ರೀತಿಯಿಂದ ಹುಟ್ಟಿದ ಸುಳ್ಳು. ನಾವು ನಮ್ಮ ಮಕ್ಕಳಿಗಾಗಿ ಹೇಳುವ ಸುಳ್ಳುಗಳೂ ಬಹುಪಾಲು ಇದೇ ಜಾತಿಯವು. ಆ ಮನೆಯಲ್ಲಿ ಯಾರೂ ಹುಡುಗನನ್ನು ಹೊಡೆಯಲಿಲ್ಲ. ಅಕ್ಕ ಆರೂ ಅಂಕಿಗಳ ಮೇಲೆ ಒಂದೊಂದು ಗೆರೆ ಎಳೆದಳು. ಓದಲು ಬಾರದಂತೆ ಗೀಚಿ ಅಳಿಸಲಿಲ್ಲ; ಹಾಳೆಯನ್ನು ಹರಿಯಲೂ ಇಲ್ಲ. ಪಕ್ಕದಲ್ಲಿ ‘ಅಳೆದಿಲ್ಲ, ಸೇರಿಸಿಲ್ಲ’ ಎಂದು ಬರೆದಳು. 84 ಅಳತೆಗಳಲ್ಲಿ 78 ಉಳಿದವು.

ಫಲಿತಾಂಶ ಆಕೆಯ ನಿರೀಕ್ಷೆಯಂತೆ ಬರಲಿಲ್ಲ. ಮೊದಲ ವಾರದ ಸರಾಸರಿ 5.6 ಲೀಟರ್. ಅಂದರೆ ಒಂದು ಮುದ್ದ್‌ನ ಸುಮಾರು ಎಂಟು ಪಟ್ಟು. ಬಿಲ್ಲೆ ಕೂರಿಸಿದ ವಾರದ ಸರಾಸರಿ 4.9 ಲೀಟರ್. ಹರಿವು ಅರ್ಧಕ್ಕಿಳಿದರೂ ಉಳಿತಾಯವಾದದ್ದು ಎಂಟರಲ್ಲಿ ಒಂದು ಪಾಲು ಮಾತ್ರ. ನೀರು ಸಣ್ಣಗೆ ಬಂದಾಗ ಜನರು ನಲ್ಲಿಯ ಮುಂದೆ ಹೆಚ್ಚು ಹೊತ್ತು ಕುಳಿತರು ಎಂಬುದು ಆಕೆ ಕಂಡುಕೊಂಡ ಕಾರಣ. ತಮ್ಮನ ಆರು ಅಂಕಿಗಳನ್ನು ಸೇರಿಸಿದ್ದರೆ ಸರಾಸರಿ 4.6ಕ್ಕೆ ಇಳಿದು ಬಿಲ್ಲೆಗೆ ಇನ್ನಷ್ಟು ಕೀರ್ತಿ ಬರುತ್ತಿತ್ತು. ಆಕೆ ಸೇರಿಸಲಿಲ್ಲ. ಇಷ್ಟೇ ಅಲ್ಲ, ವರದಿಯ ಕೊನೆಯಲ್ಲಿ ಇನ್ನೊಂದು ಮಾತನ್ನೂ ಬರೆದಳು: ಬಕೆಟ್ ಹಿಡಿದು ಕುಳಿತ ಹುಡುಗನನ್ನು ಕಂಡು ಕೆಲವರು ಎಚ್ಚರಗೊಂಡಿರಬಹುದು, ಆದ್ದರಿಂದ ನಿಜವಾದ ಖರ್ಚು ಇದಕ್ಕಿಂತ ಹೆಚ್ಚೇ ಇರಬಹುದು.

ಮೇಳಕ್ಕೆ ಮುಂಚಿನ ವಾರ ಆ ಮನೆಯಲ್ಲಿ ಎರಡು ಬಗೆಯ ಒತ್ತಡ ಹುಟ್ಟಿತು. ಮೊದಲನೆಯದು ಹಿತೈಷಿಗಳಿಂದ ಬಂತು. ಎಂಟರಲ್ಲಿ ಒಂದು ಪಾಲು ಎಂದರೆ ತೀರ್ಪುಗಾರರು ತಿರುಗಿಯೂ ನೋಡುವುದಿಲ್ಲ, ಅರ್ಧದಷ್ಟು ಉಳಿಯುತ್ತದೆ ಎಂದು ಬರೆ, ಯಾರು ಬಂದು ಅಳೆಯುತ್ತಾರೆ ಎಂದು ಬಂಧುವೊಬ್ಬರು ಹೇಳಿದರು. ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ಎಲ್ಲ ಸಮುದಾಯದವರೂ ಬರುವ ಸ್ಥಳದಲ್ಲಿ ನಮ್ಮ ಮಸೀದಿಯಲ್ಲಿ ನೀರು ಪೋಲಾಗುತ್ತಿದೆ ಎಂದು ನಮ್ಮ ಹುಡುಗಿಯೇ ಫಲಕ ಹಿಡಿದು ನಿಲ್ಲುವುದೇ ಎಂದು ಹಿರಿಯರೊಬ್ಬರು ನೊಂದುಕೊಂಡರು. ಅವರ ನೋವನ್ನು ನಾವು ಲಘುವಾಗಿ ಕಾಣುವುದಿಲ್ಲ. ನಮ್ಮ ಒಂದು ತಪ್ಪಿಗೆ ಹತ್ತು ಬಣ್ಣ ಹಚ್ಚಿ ಹರಡುವವರು ಇರುವ ಕಾಲವಿದು. ಕೊನೆಗೆ ಹುಡುಗಿಯೇ ಒಂದು ದಾರಿ ಕಂಡುಕೊಂಡಳು. ಮಸೀದಿಯ ಹೆಸರನ್ನು ತೆಗೆದಳು, ಅಂಕಿಗಳನ್ನು ಬಿಟ್ಟಳು. ಜೊತೆಗೆ ತನ್ನ ಮನೆಯಲ್ಲಿ ಪಾತ್ರೆ ತೊಳೆಯುವಾಗ, ಹಲ್ಲುಜ್ಜುವಾಗ ಖರ್ಚಾಗುವ ನೀರನ್ನೂ ಅಳೆದು ಸೇರಿಸಿದಳು. ಹೆಸರು ಮರೆಮಾಡುವುದು ಗೌರವ ಕಾಪಾಡುವ ಕ್ರಮ. ಅಂಕಿ ಬದಲಿಸುವುದು ಬೇರೆಯೇ ವಿಷಯ. ಈ ಎರಡರ ನಡುವಿನ ಗೆರೆಯನ್ನು ಹದಿನಾಲ್ಕರ ಬಾಲೆ ಕಂಡುಕೊಂಡದ್ದನ್ನು ನಾವು ಹಿರಿಯರು ಗಮನಿಸಬೇಕು.

ಮೇಳದ ದಿನ ಆಕೆಯ ಮೇಜಿನ ಮೇಲೆ ಇದ್ದದ್ದು ಒಂದು ಬಕೆಟ್, ಅಳತೆ ಪಾತ್ರೆ, ನಾಲ್ಕು ರಬ್ಬರ್ ಬಿಲ್ಲೆಗಳು, ಕೈಬರಹದ ಒಂದು ಫಲಕ, ಮತ್ತು ಆ ಪುಸ್ತಕ. ಎಡಗಡೆಯ ಮೇಜಿನಲ್ಲಿ ದೀಪ ಮಿನುಗಿ ಸೈರನ್ ಕೂಗುವ ಭೂಕಂಪ ಎಚ್ಚರಿಕೆ ಯಂತ್ರ. ಬಲಗಡೆ ಬಣ್ಣದ ನೀರಿನಿಂದ ತೋಳು ಎತ್ತುವ ಕ್ರೇನು. ಜನರೆಲ್ಲ ಆ ಎರಡು ಮೇಜುಗಳ ಸುತ್ತ ಇದ್ದರು. ತೀರ್ಪುಗಾರರು ಬಂದಾಗ ಹುಡುಗಿ ತನ್ನ ಕೆಲಸವನ್ನು ಕನ್ನಡದಲ್ಲಿ ವಿವರಿಸಿದಳು. ಅವರಲ್ಲೊಬ್ಬರು ಕೇಳಿದರು: “ಹಾಗಾದರೆ ನಿನ್ನ ಉಪಕರಣ ವಿಫಲವಾಯಿತು ಎಂದಾಯಿತಲ್ಲ?” ಆಕೆ ಒಂದು ಕ್ಷಣ ಸುಮ್ಮನಿದ್ದು “ಹೌದು ಸರ್, ನಾನು ಎಣಿಸಿದಷ್ಟು ನೀರು ಉಳಿಯಲಿಲ್ಲ” ಎಂದಳು. ಅವರು ತಲೆಯಾಡಿಸಿ ಮುಂದೆ ಹೋದರು. ಅವರಲ್ಲಿ ವಯಸ್ಸಾದ ಒಬ್ಬರು ಮಾತ್ರ ಹಿಂದೆ ಉಳಿದು ಪುಸ್ತಕದ ಹಾಳೆಗಳನ್ನು ತಿರುವಿ, ಗೆರೆ ಎಳೆದ ಆರು ಅಂಕಿಗಳ ಮುಂದೆ ನಿಂತು, ಇದೇನೆಂದು ಕೇಳಿದರು. ಆಕೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಏನೂ ಹೇಳದೆ ಪುಸ್ತಕವನ್ನು ಎರಡೂ ಕೈಗಳಿಂದ ಹಿಂತಿರುಗಿಸಿದರು. ಸಂಜೆ ಬಹುಮಾನಗಳು ಬೇರೆಡೆಗೆ ಹೋದವು. ಆಕೆಗೆ ದೊರೆತದ್ದು ಭಾಗವಹಿಸಿದವರಿಗೆಲ್ಲ ಕೊಡುವ ಪ್ರಮಾಣಪತ್ರ. ಹಿಂತಿರುಗುವ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ಸಮಾಧಾನದ ಮಾತುಗಳು ಅಂದು ನಮ್ಮ ಬಾಯಿಂದಲೂ ಹೊರಡಲಿಲ್ಲ.

ಅಂದು ಬಸ್ಸಿನಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಹೇಳಬೇಕೆನಿಸುತ್ತದೆ.

ವಿಜ್ಞಾನದ ವಿಷಯ ಬಂದಾಗ ನಮ್ಮ ಸಮುದಾಯದ ವೇದಿಕೆಗಳಲ್ಲಿ ಒಂದು ರೂಢಿಯಿದೆ. ಇಬ್ನುಲ್ ಹೈಸಮ್, ಅಲ್‌ಬಿರೂನಿ, ಇಬ್ನು ಸೀನಾ ಎಂದು ಹೆಸರುಗಳ ಸರಮಾಲೆ ಹೇಳುತ್ತೇವೆ, ಜಗತ್ತಿಗೆ ಬೆಳಕು ಕೊಟ್ಟವರು ನಾವೇ ಎನ್ನುತ್ತೇವೆ, ಚಪ್ಪಾಳೆ ಬೀಳುತ್ತದೆ, ಮನೆಗೆ ಹೋಗುತ್ತೇವೆ. ಆ ಮಹನೀಯರು ದೊಡ್ಡವರಾದದ್ದು ಹೇಗೆ ಎಂದು ಕೇಳಿಕೊಳ್ಳುವುದಿಲ್ಲ. ಕ್ರಿ.ಶ. 965ರ ಸುಮಾರಿಗೆ ಬಸರಾದಲ್ಲಿ ಹುಟ್ಟಿದ ಇಬ್ನುಲ್ ಹೈಸಮ್ ಬೆಳಕು ಮತ್ತು ದೃಷ್ಟಿಯ ಬಗ್ಗೆ ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ ಬರೆದರು. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುವುದರಿಂದ ನಮಗೆ ಕಾಣಿಸುತ್ತದೆ ಎಂದು ಯೂಕ್ಲಿಡ್, ಟಾಲೆಮಿಯಂಥ ಪ್ರಾಚೀನ ವಿದ್ವಾಂಸರು ಹೇಳಿದ್ದರು. ಹಿರಿಯರು ಹೇಳಿದರೆಂಬ ಕಾರಣಕ್ಕೆ ಅವರು ಅದನ್ನು ಒಪ್ಪಲಿಲ್ಲ. ಕತ್ತಲೆಯ ಕೋಣೆ, ಸಣ್ಣ ರಂಧ್ರ, ದೀಪಗಳು ಇವುಗಳಿಂದ ಮತ್ತೆ ಮತ್ತೆ ಪರೀಕ್ಷಿಸಿದರು. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು ತೋರಿಸಿದರು. ಸತ್ಯವನ್ನು ಅರಸುವವನು ತನ್ನ ಮೆಚ್ಚಿನ ಗ್ರಂಥಕರ್ತರನ್ನೂ ತನ್ನ ಸ್ವಂತ ಅಭಿಪ್ರಾಯವನ್ನೂ ಸಂಶಯದಿಂದಲೇ ಪರೀಕ್ಷಿಸಬೇಕೆಂಬುದು ಅವರ ನಿಲುವಾಗಿತ್ತು.

ಅವರ ಬದುಕಿನ ಇನ್ನೊಂದು ಪ್ರಸಂಗವನ್ನು ಜೀವನಚರಿತ್ರೆಕಾರರು ಬರೆದಿದ್ದಾರೆ. ನೈಲ್ ನದಿಯ ಪ್ರವಾಹವನ್ನು ನಿಯಂತ್ರಿಸಬಹುದೆಂಬ ಅವರ ಮಾತು ಈಜಿಪ್ಟಿನ ಫಾತಿಮಿ ಖಲೀಫ ಅಲ್‌ಹಾಕಿಮ್‌ನ ಕಿವಿಗೆ ಬಿತ್ತು. ಆತ ಅವರನ್ನು ಕರೆಸಿ ಕೆಲಸಕ್ಕೆ ಕಳುಹಿಸಿದ. ದಕ್ಷಿಣಕ್ಕೆ ಪಯಣಿಸಿ ನದಿಯನ್ನು ಕಣ್ಣಾರೆ ಕಂಡಾಗ ತಮ್ಮ ಯೋಜನೆ ಸಾಧ್ಯವಿಲ್ಲವೆಂದು ಅವರಿಗೆ ತಿಳಿಯಿತು. ಹಿಂತಿರುಗಿ ಅದನ್ನು ಒಪ್ಪಿಕೊಂಡರು. ಕೋಪಿಷ್ಠನೆಂದು ಹೆಸರಾದ ಅರಸನ ಮುಂದೆ ‘ನನ್ನಿಂದಾಗದು’ ಎನ್ನುವುದು ಸುಲಭದ ಮಾತಲ್ಲ. ‘ನಾನು ಎಣಿಸಿದಷ್ಟು ನೀರು ಉಳಿಯಲಿಲ್ಲ’ ಎಂದ ನಮ್ಮ ಹುಡುಗಿ ಆ ಪರಂಪರೆಗೆ ಸೇರಿದವಳು. ಅಂಗಡಿಯಿಂದ ತಂದ ಮಾದರಿಯ ಮೇಲೆ ಮಗುವಿನ ಹೆಸರು ಅಂಟಿಸಿದ ನಾವು, ಎಷ್ಟು ಭಾಷಣ ಮಾಡಿದರೂ, ಅದಕ್ಕೆ ಸೇರಿದವರಲ್ಲ.

ಈ ಪರಂಪರೆಯ ಬೇರು ವಿಜ್ಞಾನಿಗಳಿಗಿಂತ ಹಿಂದಿನದು. ಅದು ದೀನಿನಲ್ಲೇ ಇದೆ. ತಿಳಿಯದ ವಿಷಯದ ಹಿಂದೆ ಹೋಗಬೇಡಿ, ಕಿವಿ, ಕಣ್ಣು ಮತ್ತು ಹೃದಯ ಇವೆಲ್ಲವುಗಳ ಬಗ್ಗೆ ವಿಚಾರಣೆಯಿದೆ ಎಂಬ ಎಚ್ಚರಿಕೆ ಸೂರಃ ಬನೀ ಇಸ್ರಾಈಲ್‌ನಲ್ಲಿದೆ. ಸುದ್ದಿ ತಂದವನು ನಂಬಿಕೆಗೆ ಅರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸಬೇಕೆಂದು ಸೂರಃ ಹುಜುರಾತ್ ಆದೇಶಿಸುತ್ತದೆ. ಅಳತೆ ತೂಕಗಳಲ್ಲಿ ವಂಚಿಸುವವರ ಹೆಸರಿನಲ್ಲಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅದನ್ನು ನಾವು ಅಕ್ಕಿ, ಬೇಳೆಯ ಅಂಗಡಿಗೆ ಮಾತ್ರ ಅನ್ವಯಿಸಿಕೊಂಡಿದ್ದೇವೆ. ಅಳೆಯದೆ ಬರೆದ ಅಂಕಿಯೂ ಅಳತೆಯ ವಂಚನೆಯೇ ಅಲ್ಲವೇ?

ನಮ್ಮ ಹದೀಸ್ ವಿದ್ವಾಂಸರ ಕೆಲಸವನ್ನು ನೆನೆಯೋಣ. ಒಂದು ಮಾತು ಪ್ರವಾದಿಯವರದ್ದು(ಸ) ಎಂದು ಒಪ್ಪಿಕೊಳ್ಳುವ ಮೊದಲು ಅವರು ಅದನ್ನು ಯಾರಿಂದ ಯಾರು ಕೇಳಿದರು, ಅವರಿಬ್ಬರು ಭೇಟಿಯಾಗಿದ್ದರೇ, ಅವರ ನೆನಪಿನ ಶಕ್ತಿ ಹೇಗಿತ್ತು, ಅವರ ಮೇಲೆ ಸುಳ್ಳಿನ ಕಲೆ ಇತ್ತೇ ಎಂದು ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿದರು. ವರದಿಗಾರರ ಗುಣದೋಷಗಳನ್ನು ಬರೆದಿಡುವುದಕ್ಕೇ ಒಂದು ಪ್ರತ್ಯೇಕ ಶಾಸ್ತ್ರ ಬೆಳೆಯಿತು. ಸದುದ್ದೇಶದಿಂದ, ಜನರನ್ನು ಒಳಿತಿಗೆ ಸೆಳೆಯಲೆಂದು ಹದೀಸ್ ಕಟ್ಟಿದವರೂ ಇದ್ದರು. ಅವರ ಉದ್ದೇಶ ನೋಡಿ ವಿದ್ವಾಂಸರು ಕ್ಷಮಿಸಲಿಲ್ಲ; ಆ ವರದಿಗಳನ್ನು ಕಟ್ಟುಕಥೆಗಳೆಂದು ಗುರುತಿಸಿ ಬೇರ್ಪಡಿಸಿದರು. ಹತ್ತು ವರ್ಷದ ತಮ್ಮ ಪ್ರೀತಿಯಿಂದ ಬರೆದ ಆರು ಅಂಕಿಗಳ ಮೇಲೆ ಅಕ್ಕ ಎಳೆದ ಗೆರೆಯನ್ನು ಕಂಡಾಗ ನಮಗೆ ನೆನಪಾದದ್ದು ಈ ಮಹನೀಯರೇ.

ಇದಕ್ಕಿಂತಲೂ ದೊಡ್ಡ ಪಾಠ ಪ್ರವಾದಿಯವರ(ಸ) ಬದುಕಿನಲ್ಲಿಯೇ ಇದೆ. ಅವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಪ್ರವಾದಿಯವರ ಮಗನ ಮರಣಕ್ಕಾಗಿ ಸೂರ್ಯನೇ ಕಳೆಗುಂದಿದ ಎಂದು ಜನರು ಹೇಳತೊಡಗಿದರು. ಮೌನವಾಗಿದ್ದರೆ ಸಾಕಿತ್ತು, ಆ ಮಾತು ಅರೇಬಿಯಾದ ಉದ್ದಗಲಕ್ಕೂ ಹಬ್ಬಿ ಅವರ ಪ್ರಭಾವವನ್ನು ಹೆಚ್ಚಿಸುತ್ತಿತ್ತು. ಆದರೆ ಮಗನನ್ನು ಕಳೆದುಕೊಂಡ ಆ ದುಃಖದ ನಡುವೆಯೂ ಪ್ರವಾದಿ(ಸ) ಜನರನ್ನು ತಿದ್ದಿದರು. ಸೂರ್ಯಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಮರಣಕ್ಕಾಗಲೀ ಜನನಕ್ಕಾಗಲೀ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂಬುದು ಅವರು ಹೇಳಿದ ಮಾತಿನ ಸಾರ. ತನಗೆ ಕೀರ್ತಿ ತರುವ ಸುಳ್ಳನ್ನು ತಾನೇ ಅಳಿಸಿಹಾಕುವುದು ಎಂದರೆ ಇದು. ವಿಜ್ಞಾನ ಮೇಳಕ್ಕೆ ಹೊರಟ ಪ್ರತಿಯೊಂದು ಮಗುವಿಗೂ ಮನೆಯಲ್ಲಿ ಹೇಳಿ ಕಳುಹಿಸಬೇಕಾದ ಪ್ರಸಂಗವಿದು.

ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಮೇಲೆ ಒಣಗಿದ್ದು ಒಳಗೆ ತೇವವಿದ್ದುದನ್ನು ಕಂಡು, ವಂಚಿಸುವವನು ನಮ್ಮವನಲ್ಲ ಎಂಬ ಅರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದ ಪ್ರಸಂಗ ನಮಗೆಲ್ಲ ಗೊತ್ತು. ತನಗೆ ಕೊಡಲ್ಪಡದದ್ದನ್ನು ತನ್ನದೆಂದು ತೋರಿಸಿಕೊಳ್ಳುವವನು ಸುಳ್ಳಿನ ಎರಡು ಉಡುಪುಗಳನ್ನು ಧರಿಸಿದವನಂತೆ ಎಂಬ ಆಶಯದ ಹದೀಸೂ ಇದೆ. ತಾನು ಕಟ್ಟದ ಯಂತ್ರದ ಮುಂದೆ ನಿಂತು ‘ನಾನೇ ಮಾಡಿದೆ’ ಎನ್ನುವ ಮಗುವಿಗೆ ಆ ಉಡುಪುಗಳನ್ನು ತೊಡಿಸಿದವರು ಯಾರು? ಮಗುವಲ್ಲ. ಅದರ ಕೈ ಹಿಡಿದು ಕರೆದೊಯ್ದ ನಾವು. ಐದು ವರ್ಷ ಹೀಗೆ ಮೇಳಗಳಿಗೆ ಹೋದ ಮಗು ಕಲಿಯುವುದು ವಿಜ್ಞಾನವನ್ನಲ್ಲ. ಹೊಳೆಯುವುದಿದ್ದರೆ ಸಾಕು, ನಿಜವಾಗಿರಬೇಕಾಗಿಲ್ಲ ಎಂಬ ಪಾಠವನ್ನು. ಮುಂದೆ ಅದೇ ಮಗು ಎಂಜಿನಿಯರಾಗಿ ಸೇತುವೆಗೆ ಸಿಮೆಂಟ್ ಅಳೆಯುತ್ತದೆ, ಪ್ರಯೋಗಾಲಯದಲ್ಲಿ ರೋಗಿಯ ರಕ್ತದ ವರದಿ ಬರೆಯುತ್ತದೆ. ಅಲ್ಲಿ ಅಳೆಯದೆ ಬರೆದ ಅಂಕಿಗೆ ಯಾರದೋ ಪ್ರಾಣವೇ ಬೆಲೆ.

ಸೋಲನ್ನು ಒಪ್ಪಿಕೊಂಡರೆ ಮಗುವಿನ ಉತ್ಸಾಹ ಕುಗ್ಗದೇ ಎಂದು ಕೇಳುವವರಿಗೆ ನಮ್ಮ ದೇಶದ ಇತಿಹಾಸದಲ್ಲೇ ಉತ್ತರವಿದೆ. ರಾಮೇಶ್ವರದ ಒಂದು ಸಾಧಾರಣ ಕುಟುಂಬದಲ್ಲಿ 1931ರಲ್ಲಿ ಹುಟ್ಟಿದ ಎ.ಪಿ.ಜೆ. ಅಬ್ದುಲ್ ಕಲಾಮ್ ಅವರು ಎಸ್.ಎಲ್.ವಿ.-3 ರಾಕೆಟ್ ಯೋಜನೆಯ ನಿರ್ದೇಶಕರಾಗಿದ್ದರು. 1979ರ ಆಗಸ್ಟ್ 10ರಂದು ಅದರ ಮೊದಲ ಉಡಾವಣೆ ವಿಫಲವಾಗಿ ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅಂದು ಇಸ್ರೋ ಅಧ್ಯಕ್ಷರಾಗಿದ್ದವರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಕರ್ತರ ಮುಂದೆ ಹೋಗಿ ವೈಫಲ್ಯದ ಹೊಣೆಯನ್ನು ತಾವೇ ಹೊತ್ತರು. ಮುಂದಿನ ವರ್ಷ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಪತ್ರಕರ್ತರೊಂದಿಗೆ ಮಾತಾಡಲು ಕಲಾಮರನ್ನು ಮುಂದೆ ಕಳುಹಿಸಿದರು. ಕಲಾಮರು ಈ ಘಟನೆಯನ್ನು ಜೀವನಪೂರ್ತಿ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ಮೊದಲ ಉಡಾವಣೆಯಲ್ಲಿ ಏನು ತಪ್ಪಿತೆಂದು ಮುಚ್ಚಿಟ್ಟಿದ್ದರೆ ಎರಡನೆಯದು ಹಾರುತ್ತಿರಲಿಲ್ಲ. ಸೋಲನ್ನು ಮುಚ್ಚಿಟ್ಟವನು ಅದರಿಂದ ಏನನ್ನೂ ಕಲಿಯಲಾರ. ಹಾಗೆಯೇ ಸೋತ ಮಗುವಿನ ಪಕ್ಕದಲ್ಲಿ ಹೊಣೆ ಹೊತ್ತು ನಿಲ್ಲುವ ಹಿರಿಯರೂ ಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಮಗೆ ತೋಚಿದ ಕೆಲವು ಮಾತುಗಳನ್ನು ವಿನಮ್ರವಾಗಿ ಮುಂದಿಡುತ್ತೇವೆ. ಮೊದಲನೆಯದು ಮನೆಯಲ್ಲಿ. ಮಗುವಿಗೆ ಮಾದರಿ ಕೊಂಡುಕೊಡಬೇಡಿ. ಒಂದು ಗೆರೆ ಪುಸ್ತಕ ಕೊಡಿ. ‘ಏನು ಮಾಡಿದರೆ ಬಹುಮಾನ ಬರುತ್ತದೆ’ ಎಂಬ ಪ್ರಶ್ನೆಯ ಬದಲು ‘ನಿನಗೆ ಏನು ತಿಳಿಯಬೇಕು’ ಎಂದು ಕೇಳಿ. ಅಂಟಿಸುವುದಕ್ಕೆ, ಕತ್ತರಿಸುವುದಕ್ಕೆ ಕೈ ನೀಡಿ. ಅಳೆಯುವುದನ್ನೂ ಬರೆಯುವುದನ್ನೂ ಮಗುವಿಗೇ ಬಿಡಿ. ಮಗು ತಪ್ಪು ಅಂಕಿ ಬರೆದಾಗ ಹೊಡೆಯಬೇಡಿ. ಗೆರೆ ಎಳೆದು ಮುಂದುವರಿಯಲು ಕಲಿಸಿ. ಹೊಡೆತಕ್ಕೆ ಹೆದರಿದ ಮಗು ಮುಂದಿನ ಸಲ ಹೆಚ್ಚು ಜಾಣತನದಿಂದ ಸುಳ್ಳು ಬರೆಯುತ್ತದೆ. ಹಣದ ಚಿಂತೆಯಿರುವವರಿಗೆ ಒಂದು ಮಾತು: ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರಕಾರದ ಯೋಜನೆಯಲ್ಲಿ ಆಯ್ಕೆಯಾದ ಶಾಲಾ ಮಕ್ಕಳಿಗೆ ತಮ್ಮ ಆಲೋಚನೆಯನ್ನು ಮಾದರಿಯಾಗಿಸಲು 10,000 ರೂಪಾಯಿ ದೊರೆಯುತ್ತದೆ. ಶಾಲೆಯ ಮೂಲಕ ಆಲೋಚನೆಯನ್ನು ಕಳುಹಿಸಬೇಕು. ನಿಮ್ಮ ಮಕ್ಕಳ ಶಾಲೆಯಲ್ಲಿ ಈ ಬಗ್ಗೆ ವಿಚಾರಿಸಿ.

ಎರಡನೆಯದು ಮದ್ರಸ ಮತ್ತು ಮಸೀದಿಯಲ್ಲಿ. ಮೀಲಾದಿನ ಸಂದರ್ಭದಲ್ಲಿ ನಮ್ಮ ಮದ್ರಸಗಳಲ್ಲಿ ಹಾಡು, ಭಾಷಣಗಳ ಸ್ಪರ್ಧೆ ನಡೆಯುತ್ತದೆ, ಸಂತೋಷ. ಅದರ ಜೊತೆ ಒಂದು ಮಧ್ಯಾಹ್ನವನ್ನು ಮಕ್ಕಳು ತಾವೇ ಅಳೆದು ಬರೆದದ್ದನ್ನು ತೋರಿಸುವುದಕ್ಕೆ ಮೀಸಲಿಡಬಹುದಲ್ಲವೇ? ನಮಾಝಿನ ಸಮಯ ಸೂರ್ಯನ ನೆರಳಿನೊಂದಿಗೆ ಹೇಗೆ ಬದಲಾಗುತ್ತದೆಂದು ಒಂದು ಕೋಲು ನೆಟ್ಟು ತಿಂಗಳಿಡೀ ಗುರುತಿಸಬಹುದು. ಕಿಬ್ಲಾದ ದಿಕ್ಕನ್ನು ಲೆಕ್ಕಹಾಕಬಹುದು. ಹೊಸ ಚಂದ್ರ ಎಷ್ಟು ನಿಮಿಷ ಬಾನಿನಲ್ಲಿ ಉಳಿಯಿತೆಂದು ಬರೆದಿಡಬಹುದು. ಇವೆಲ್ಲ ನಮ್ಮ ಇಬಾದತ್ತಿನೊಂದಿಗೆ ಬೆರೆತ ವಿಜ್ಞಾನ. ಇದಕ್ಕೆ ಬಲ್ಬು ಬೇಡ, ಸೈರನ್ ಬೇಡ.

ಮೂರನೆಯದು ನಮ್ಮ ಹೆಣ್ಣುಮಕ್ಕಳ ವಿಷಯ. ಜ್ಞಾನದ ಹಂಬಲವುಳ್ಳ ಹುಡುಗಿಗೆ ಒಂದು ಕಡೆ ಹೋಗಲಾಗದಿದ್ದರೆ ಆಕೆಯ ಪ್ರಶ್ನೆ ಅಲ್ಲಿಗೇ ಮುಗಿಯಬಾರದು. ಅಂದು ಇಮಾಮರು ಅನುಮತಿ ಕೊಟ್ಟರು, ತಮ್ಮ ಬಕೆಟ್ ಹಿಡಿದ, ತಂದೆ ರಬ್ಬರ್ ತಂದುಕೊಟ್ಟರು, ತಾಯಿ ಅಡುಗೆಯ ಅಳತೆ ಪಾತ್ರೆ ಬಿಟ್ಟುಕೊಟ್ಟರು. ಇಷ್ಟು ಸಾಕಾಯಿತು. ಇಷ್ಟೂ ಇಲ್ಲದ ಮನೆಗಳು ನಮ್ಮ ನಡುವೆ ಎಷ್ಟಿವೆ ಎಂಬುದನ್ನು ನಾವೇ ಲೆಕ್ಕ ಹಾಕಿಕೊಳ್ಳಬೇಕು.

ಕೊನೆಯದಾಗಿ ಆ ಮಸೀದಿಯ ಮಾತು. ಬೇಸರಗೊಂಡಿದ್ದ ಆ ಹಿರಿಯರು ಮೇಳ ಮುಗಿದ ಕೆಲವು ದಿನಗಳ ಬಳಿಕ ಪುಸ್ತಕವನ್ನು ತರಿಸಿಕೊಂಡು ನೋಡಿದರಂತೆ. ದಿನಕ್ಕೆ 300 ಮಂದಿ ವುಝೂ ಮಾಡಿದರೆ ತಲಾ 5.6 ಲೀಟರಿನಂತೆ 1,680 ಲೀಟರ್ ಎಂದು ಅವರೇ ಪೆನ್ಸಿಲಿನಿಂದ ಅಂಚಿನಲ್ಲಿ ಲೆಕ್ಕ ಮಾಡಿದ್ದರು. ಎಪ್ರಿಲ್‌ನಲ್ಲಿ ಟ್ಯಾಂಕರಿಗೆ ಹಣ ಕೊಡುವವರು ಅವರೇ. ಇದನ್ನು ಬರೆಯುವ ಹೊತ್ತಿಗೆ ಮಸೀದಿಯ ನಲ್ಲಿಗಳು ಹಾಗೆಯೇ ಇವೆ. ಏನು ಮಾಡಬೇಕೆಂಬ ಚರ್ಚೆ ಸಮಿತಿಯಲ್ಲಿ ಇನ್ನೂ ಮುಗಿದಿಲ್ಲ. ಬಿಲ್ಲೆಯಿಂದ ಹೆಚ್ಚು ಪ್ರಯೋಜನವಿಲ್ಲವೆಂದು ಪುಸ್ತಕವೇ ಹೇಳುವುದರಿಂದ, ಹಿಂದಿನ ಕಾಲದಂತೆ ಚೊಂಬುಗಳನ್ನು ಇಟ್ಟು ನೋಡೋಣವೆಂಬ ಸಲಹೆ ಬಂದಿದೆ. ಹುಡುಗಿ ಅದನ್ನೂ ಅಳೆಯಲು ಸಿದ್ಧಳಾಗಿದ್ದಾಳೆ. ಈ ಬಾರಿಯೂ ತಮ್ಮನೇ ಸಹಾಯಕ. ಆಟಕ್ಕೆ ಹೋದ ದಿನ ಜಾಗವನ್ನು ಖಾಲಿ ಬಿಡಬೇಕೆಂಬುದು ಅವರಿಬ್ಬರ ನಡುವಿನ ಒಪ್ಪಂದ.

ಸುಳ್ಳು ಅಂಕಿ ಬರೆದಿದ್ದರೆ ಆಕೆಗೆ ಪ್ರಾಯಶಃ ಒಂದು ಬಹುಮಾನ ದೊರೆಯುತ್ತಿತ್ತು. ಆದರೆ ಸಮಿತಿ ಅದನ್ನು ನಂಬಿ ಎಲ್ಲ ನಲ್ಲಿಗಳಿಗೂ ಬಿಲ್ಲೆ ಹಾಕಿಸಿ, ಎಪ್ರಿಲ್‌ನಲ್ಲಿ ಮತ್ತೆ ಟ್ಯಾಂಕರಿಗಾಗಿ ಕಾಯುತ್ತಿತ್ತು. ಸತ್ಯವಾದ ಅಂಕಿ ಬಹುಮಾನ ತರದಿದ್ದರೂ ಮುಂದಿನ ದಾರಿಯನ್ನು ತೋರಿಸಿತು.

ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ಅದನ್ನು ಅಮಾನತ್ತಾಗಿ ಹೊರುವ ಧೈರ್ಯವನ್ನೂ ಅಲ್ಲಾಹನು ದಯಪಾಲಿಸಲಿ. ಅವರ ಹೆಸರಿನಲ್ಲಿ ನಾವು ಅಂಟಿಸಿದ ಸುಳ್ಳು ಚೀಟಿಗಳನ್ನು ಅವನು ಮನ್ನಿಸಲಿ. ಆಮೀನ್.